ನೀರಿನ ಮೇಲೆ ಪ್ಲಾಸ್ಮಾ ಹಚ್ಚಿ ಕೋಬಾಲ್ಟ್ ಫೆರೈಟ್: ಎರಡು ಲೋಹ ನಿಜಕ್ಕೂ ಬೆರೆತಿವೆಯಾ?

ಹೊಸಕಿಡಿ
ಎಲ್ಲರಿಗೂ ನಮಸ್ಕಾರ. ರಸಾಯನ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪ್ರಯೋಗ ಇಷ್ಟು: 50 ಮಿಲಿ ನೀರು, ಅದರಲ್ಲಿ ಕೋಬಾಲ್ಟ್ ನೈಟ್ರೇಟ್ ಒಂದು ಪಾಲು, ಫೆರಿಕ್ ನೈಟ್ರೇಟ್ ಎರಡು ಪಾಲು. ದ್ರಾವಣದಿಂದ 2 ಮಿ.ಮೀ. ಮೇಲೆ ಸ್ಟೀಲಿನ ತೆಳು ಕೊಳವೆ, ಅದರೊಳಗಿಂದ ಆರ್ಗಾನ್ ಹರಿಯುತ್ತದೆ. ಕೊಳವೆಗೆ ಮೈನಸ್. ಬೀಕರಿನಲ್ಲಿ ಮುಳುಗಿಸಿದ ಪ್ಲಾಟಿನಂ ತಂತಿಗೆ ಪ್ಲಸ್. ಹೈ ವೋಲ್ಟೇಜ್ ಕೊಟ್ಟರೆ ಕೊಳವೆಯ ತುದಿಗೂ ನೀರಿಗೂ ನಡುವೆ ಪ್ಲಾಸ್ಮಾ, ಅಂದರೆ ಕರೆಂಟ್ ಹರಿಯುವ ಹೊಳೆಯುವ ಅನಿಲ, ಹೊತ್ತಿಕೊಳ್ಳುತ್ತದೆ. 10 ಮಿಲಿಆಂಪ್, ಒಂದು ಗಂಟೆ. ಆಮೇಲೆ ಅಮೋನಿಯ ಹಾಕಿ ಪಿಎಚ್ 10ಕ್ಕೆ ತಂದು, ತೊಳೆದು, ಒಣಗಿಸುತ್ತೇನೆ.

ಕಪ್ಪು ಮಿಶ್ರಿತ ಕಂದು ಪುಡಿ ಬರುತ್ತದೆ. ಮ್ಯಾಗ್ನೆಟ್‌ಗೆ ಅಂಟುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ನೋಡುವ ಎಕ್ಸ್‌ರೇ ಪರೀಕ್ಷೆ) 35.5 ಡಿಗ್ರಿಗೆ ದೊಡ್ಡ ಪೀಕ್, ಅದರ ಅಗಲ ಸುಮಾರು 1 ಡಿಗ್ರಿ. ಸ್ಪಿನೆಲ್‌ನ (ಫೆರೈಟುಗಳ ಹರಳು ರಚನೆಯ ಹೆಸರು) ಉಳಿದ ಪೀಕ್‌ಗಳೂ ಇವೆ. ಇಡಿಎಸ್‌ನಲ್ಲಿ (ಯಾವ ಧಾತು ಎಷ್ಟಿದೆ ಅಂತ ಅದು ಸೂಸುವ ಎಕ್ಸ್‌ರೇಯಿಂದ ನೋಡುವ ಪರೀಕ್ಷೆ) ಕೋಬಾಲ್ಟ್, ಕಬ್ಬಿಣ ಹೆಚ್ಚುಕಡಿಮೆ 1:2. ನನಗೆ ಇದು ಕೋಬಾಲ್ಟ್ ಫೆರೈಟ್, ಅಂದರೆ ಒಂದು ಕೋಬಾಲ್ಟ್‌ಗೆ ಎರಡು ಕಬ್ಬಿಣ ಸೇರಿದ ಆಕ್ಸೈಡ್, ಅಂತಲೇ ಅನ್ನಿಸುತ್ತದೆ. ಗೈಡ್ ಮಾತ್ರ ಒಪ್ಪುತ್ತಿಲ್ಲ. "ಎರಡು ಲೋಹ ಒಂದೇ ಕಣದ ಒಳಗೆ ಇವೆ ಅನ್ನುವುದಕ್ಕೆ ಪುರಾವೆ ಏನು?" ಅಂತ ಕೇಳಿದ್ದಾರೆ. ಏನು ತೋರಿಸಲಿ?

ಎಕ್ಸ್‌ರೇ_ಅಕ್ಕ
ನಿಮ್ಮ ಗೈಡ್ ಕೇಳಬೇಕಾದ್ದನ್ನೇ ಕೇಳಿದ್ದಾರೆ. ನೀವು ಹೇಳಿದ ಮೂರು ಪುರಾವೆಗಳಲ್ಲಿ ಒಂದೂ ನಿಲ್ಲುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಎಕ್ಸ್‌ಆರ್‌ಡಿ ನೋಡಿ. ಕೋಬಾಲ್ಟ್ ಫೆರೈಟ್‌ನ ಯೂನಿಟ್ ಸೆಲ್ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಘಟಕ) ಸುಮಾರು 8.39 ಆಂಗ್‌ಸ್ಟ್ರಾಮ್. ಬರೀ ಕಬ್ಬಿಣದ ಆಕ್ಸೈಡಾದ ಮ್ಯಾಗ್ನೆಟೈಟ್‌ದು 8.396. ಇವೆರಡರ ದೊಡ್ಡ ಪೀಕ್‌ಗಳ ನಡುವಿನ ಅಂತರ ಲೆಕ್ಕ ಹಾಕಿದರೆ 0.03 ಡಿಗ್ರಿ ಬರುತ್ತದೆ. ನಿಮ್ಮ ಪೀಕಿನ ಅಗಲವೇ 1 ಡಿಗ್ರಿ! ಪೀಕಿನ ಅಗಲದಿಂದ ಕಣದ ಗಾತ್ರ ಹೇಳುವ ಶೆರರ್ ಸೂತ್ರದಲ್ಲಿ ಅದು 8 ನ್ಯಾನೊಮೀಟರ್ ಚಿಲ್ಲರೆ ಕಣ. ಅಷ್ಟು ಅಗಲದ ಪೀಕಿನಲ್ಲಿ 0.03 ಡಿಗ್ರಿ ಹುಡುಕಲು ಆಗುವುದಿಲ್ಲ. ಜೊತೆಗೆ ನಮ್ಮ ಕಡೆಯ ಬಹುತೇಕ ಮಷೀನುಗಳಲ್ಲಿ ಇರುವುದು ತಾಮ್ರದ ಟ್ಯೂಬ್. ಅದರ ಎಕ್ಸ್‌ರೇಗೆ ಕಬ್ಬಿಣವೂ ಕೋಬಾಲ್ಟೂ ಫ್ಲೋರೆಸೆನ್ಸ್ ಕೊಡುತ್ತವೆ, ಅಂದರೆ ತಾವೂ ಎಕ್ಸ್‌ರೇ ಸೂಸುತ್ತವೆ. ಬ್ಯಾಕ್‌ಗ್ರೌಂಡ್ ಮೇಲೇಳುತ್ತದೆ, ಸಣ್ಣ ಪೀಕ್‌ಗಳು ಅದರಲ್ಲೇ ಮುಳುಗುತ್ತವೆ.

ಇಡಿಎಸ್ ಇನ್ನೂ ಕಷ್ಟ. ಪ್ರತಿ ಧಾತುವಿಗೂ ತನ್ನದೇ ಶಕ್ತಿಯ ಎಕ್ಸ್‌ರೇ ಗೆರೆಗಳಿವೆ. ಕೋಬಾಲ್ಟ್‌ನ ಕೆ-ಆಲ್ಫಾ ಗೆರೆ 6.93 ಕೆಇವಿ. ಕಬ್ಬಿಣದ ಕೆ-ಬೀಟಾ 7.06 ಕೆಇವಿ. ಮಾಮೂಲಿ ಡಿಟೆಕ್ಟರ್ ಇವೆರಡನ್ನೂ ಒಂದೇ ಗುಡ್ಡವಾಗಿ ನೋಡುತ್ತದೆ. ಸಾಫ್ಟ್‌ವೇರ್ ಹೇಗೋ ಬಿಡಿಸಿ ಒಂದು ಅಂಕಿ ಕೊಡುತ್ತದೆ. ಆ ಅಂಕಿಯನ್ನು ನಾನಾದರೆ ನಂಬುವುದಿಲ್ಲ.

ಇನ್ನು ಮ್ಯಾಗ್ನೆಟ್. ಬರೀ ಮ್ಯಾಗ್ನೆಟೈಟ್ ಆಗಿದ್ದರೂ ಅಂಟುತ್ತದೆ, ಅಲ್ವಾ? ಅಕ್ಕಿ, ಉದ್ದಿನಬೇಳೆ ಒಂದೇ ಪಾತ್ರೆಯಲ್ಲಿ ಬಿದ್ದ ಮಾತ್ರಕ್ಕೆ ದೋಸೆ ಹಿಟ್ಟು ಆಗುವುದಿಲ್ಲ.

ಬೆಂಕಿಪೊಟ್ಟಣ
ನನ್ನದೊಂದು ತರಲೆ ಪ್ರಶ್ನೆ. ಇಷ್ಟೆಲ್ಲ ಯಾಕೆ ಬೇಕು ಮಾರಾಯ್ರೇ? ಬೆಂಗಳೂರಿನ ಐಐಎಸ್ಸಿಯಲ್ಲೇ ಹುಟ್ಟಿದ ಕಂಬಷನ್ (ದಹನ) ವಿಧಾನ ಇದೆಯಲ್ಲ. 1988ರಲ್ಲಿ ಕಿಂಗ್ಸ್‌ಲಿ ಮತ್ತು ಕೆ. ಸಿ. ಪಾಟೀಲರು ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾ ದ್ರಾವಣವನ್ನು 500 ಡಿಗ್ರಿಯ ಫರ್ನೇಸಿಗೆ ಇಟ್ಟರು. ಅದು ಕುದಿದು, ನೊರೆ ಎದ್ದು, ಹೊತ್ತಿಕೊಂಡು ಕೆಲವೇ ನಿಮಿಷದಲ್ಲಿ ಅಲ್ಯೂಮಿನಾ ಕೊಟ್ಟಿತು. ಫೆರೈಟುಗಳನ್ನೂ ಅದೇ ದಾರಿಯಲ್ಲಿ ಮಾಡುತ್ತಾರೆ. ನಮ್ಮ ರಾಜ್ಯದ ಅರ್ಧ ಕಾಲೇಜುಗಳು ಇದರ ಮೇಲೇ ಪೇಪರ್ ಬರೆದಿವೆ. ಗ್ರಾಂಗಟ್ಟಲೆ ಪುಡಿ, ಒಂದು ಮಫಲ್ ಫರ್ನೇಸ್ ಇದ್ದರೆ ಮುಗಿಯಿತು. ನಿಮ್ಮ ಈ ನೇರಳೆ ಬೆಳಕಿನಿಂದ ಗಂಟೆಗೆ ಎಷ್ಟು ಬರುತ್ತದೆ?

ಮೂರನೇ_ಮಹಡಿ_ಲ್ಯಾಬ್
ತರಲೆ ಅಲ್ಲ, ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಲೆಕ್ಕ ಹಾಕೋಣ. 10 ಮಿಲಿಆಂಪ್ ಒಂದು ಗಂಟೆ ಹರಿದರೆ 36 ಕೂಲಂಬ್. ಅಂದರೆ 0.37 ಮಿಲಿಮೋಲ್ ಎಲೆಕ್ಟ್ರಾನ್. ಒಂದು ಎಲೆಕ್ಟ್ರಾನಿಗೆ ಒಂದು ಹೈಡ್ರಾಕ್ಸೈಡ್ ಅಯಾನು ಹುಟ್ಟುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಕೋಬಾಲ್ಟ್‌ಗೆ 2, ಎರಡು ಫೆರಿಕ್‌ಗೆ 6, ಒಟ್ಟು 8 ಹೈಡ್ರಾಕ್ಸೈಡ್ ಬೇಕು. ಹಾಗಾಗಿ ಗಂಟೆಗೆ ಸುಮಾರು 11 ಮಿಲಿಗ್ರಾಂ ಫೆರೈಟ್. ಪ್ಲಾಸ್ಮಾದಲ್ಲಿ ಕರೆಂಟಿನ ಲೆಕ್ಕ ಮೀರಿಯೂ ರಾಡಿಕಲ್‌ಗಳು ಹುಟ್ಟುತ್ತವೆ, ಆದರೂ ಇದು ಗ್ರಾಂ ಲೆಕ್ಕದ ಆಟ ಅಲ್ಲ. ಉರಿಯುವಾಗ 500 ವೋಲ್ಟ್ ಅಂತ ಹಿಡಿದರೆ 5 ವ್ಯಾಟ್. ಒಂದು ಗ್ರಾಂಗೆ ಹತ್ತಿರ ಹತ್ತಿರ ಅರ್ಧ ಯೂನಿಟ್ ಕರೆಂಟ್. ಕರೆಂಟನ್ನು ಹಿಡಿತದಲ್ಲಿಡುವ ಬ್ಯಾಲಸ್ಟ್ ರೆಸಿಸ್ಟರ್ ತಿನ್ನುವುದು ಬೇರೆ.

ಪುಡಿ ಜಾಸ್ತಿ ಬೇಕಿದ್ದರೆ ಕಂಬಷನ್ನೇ ಮಾಡಿ, ನನ್ನ ಅಭ್ಯಂತರ ಇಲ್ಲ. ಪ್ಲಾಸ್ಮಾಗೆ ಬೆಲೆ ಇರುವುದು ಬೇರೆ ಕಡೆ. ಸರ್ಫ್ಯಾಕ್ಟಂಟ್ (ಸೋಪಿನಂಥ ವಸ್ತು) ಹಾಕದೆ, ಬೇಯಿಸದೆ, ನೀರಿನಲ್ಲೇ ತೇಲುವ ಸಣ್ಣ ಕಣ ಬೇಕು ಅನ್ನುವವರಿಗೆ. ಕಂಬಷನ್ ಪುಡಿಯಲ್ಲಿ ಕಣಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ.

ಈಗ ಹೊಸಕಿಡಿ ಅವರಿಗೆ. ನನಗೆ ಪುಡಿಗಿಂತ ನಿಮ್ಮ ಬೀಕರಿನ ಬಗ್ಗೆಯೇ ಅನುಮಾನ.

ಪ್ಲಾಸ್ಮಾ ಮುಟ್ಟುವ ಜಾಗದಲ್ಲಿ ಎಲೆಕ್ಟ್ರಾನ್ ನೀರಿಗೆ ಇಳಿದು ಕೊನೆಗೆ ಹೈಡ್ರಾಕ್ಸೈಡ್ ಮಾಡುತ್ತದೆ. ಸರಿ. ಆದರೆ ಅದೇ ಬೀಕರಿನಲ್ಲಿ ನಿಮ್ಮ ಪ್ಲಾಟಿನಂ ತಂತಿ ಅಷ್ಟೇ ಆಮ್ಲ ಮಾಡುತ್ತಿದೆ. ಕಲಕಿದ ಕೂಡಲೇ ಎರಡೂ ಒಂದನ್ನೊಂದು ಕೊಲ್ಲುತ್ತವೆ. ಫೆರಿಕ್ ನೈಟ್ರೇಟ್ ಮೊದಲೇ ಹುಳಿ, ಪಿಎಚ್ 2ರ ಆಸುಪಾಸು. ಹಾಗಾಗಿ ಒಂದು ಗಂಟೆ ಆದರೂ ಬೀಕರಿನ ಒಟ್ಟು ಪಿಎಚ್ ಮೇಲೇರುವ ಕಾರಣವೇ ಇಲ್ಲ. ನಡುವೆ ಗಾಜಿನ ಫ್ರಿಟ್ (ಸಣ್ಣ ರಂಧ್ರಗಳ ತಡೆ) ಇರುವ ಎಚ್ ಆಕಾರದ ಸೆಲ್ ಬಳಸಿ, ಎರಡು ಕಡೆಯನ್ನೂ ಬೇರೆ ಮಾಡಿ.

ಎರಡನೇದು, ನೈಟ್ರೇಟ್. 2015ರಲ್ಲಿ ಅಮೆರಿಕದ ರುಂಬಾಕ್, ಗೋ, ಬಾರ್ಟೆಲ್ಸ್, ಶಂಕರನ್ ತಂಡ ಪ್ಲಾಸ್ಮಾ ಎಲೆಕ್ಟ್ರಾನುಗಳು ನೀರಿನಲ್ಲಿ ಕರಗಿ ಉಳಿಯುವುದನ್ನು ಬೆಳಕಿನ ಹೀರಿಕೆಯಿಂದ ನೇರವಾಗಿ ತೋರಿಸಿತು. ಅವು ಇಳಿಯುವುದು ಬರೀ 2.5 ನ್ಯಾನೊಮೀಟರ್ ಆಳಕ್ಕೆ. ಅಷ್ಟು ತೆಳು ಪದರದಲ್ಲಿ ಯಾರು ಮೊದಲು ಸಿಗುತ್ತಾರೋ ಅವರಿಗೆ ಎಲೆಕ್ಟ್ರಾನ್. ನೈಟ್ರೇಟ್ ಅಯಾನು ಅದನ್ನು ಗಬಕ್ಕನೆ ನುಂಗಿ ನೈಟ್ರೈಟ್ ಆಗುವ ದಾರಿ ಹಿಡಿಯುತ್ತದೆ. ಸುಮ್ನೆ ಸಲ್ಫೇಟ್ ಲವಣ ತೆಗೆದುಕೊಳ್ಳಿ. ಕ್ಲೋರೈಡ್ ಬೇಡ, ಪ್ಲಸ್ ಕಡೆ ಕ್ಲೋರಿನ್ ಬರುತ್ತದೆ.

ಮೂರನೇದೇ ಮುಖ್ಯ. ಫೆರಿಕ್ (ಕಬ್ಬಿಣ 3+) ಕೂಡ ಎಲೆಕ್ಟ್ರಾನ್ ತೆಗೆದುಕೊಂಡು ಫೆರಸ್ (ಕಬ್ಬಿಣ 2+) ಆಗುತ್ತದೆ. ಫೆರಸ್, ಫೆರಿಕ್ ಎರಡೂ ಇರುವ ದ್ರಾವಣಕ್ಕೆ ಅಮೋನಿಯ ಹಾಕಿದರೆ ಏನು ಬರುತ್ತದೆ? ಮ್ಯಾಗ್ನೆಟೈಟ್! ಕೋಬಾಲ್ಟ್ ಒಂದು ಚೂರೂ ಒಳಗೆ ಹೋಗದೆ ನಿಮ್ಮ 35.5 ಪೀಕೂ ಬರಬಹುದು, ಮ್ಯಾಗ್ನೆಟ್‌ಗೂ ಅಂಟಬಹುದು.

ಹೊಸಕಿಡಿ
ಸರ್, ಹಾಗಾದರೆ ಕೋಬಾಲ್ಟ್ ಎಲ್ಲಿ ಹೋಯಿತು? ಪಿಎಚ್ 10ರಲ್ಲಿ ಅದೂ ಕೆಳಗೆ ಇಳಿಯಬೇಕಲ್ಲವೇ?

ಮೂರನೇ_ಮಹಡಿ_ಲ್ಯಾಬ್
ಸೋಸಿದ ನೀರಿನ ಬಣ್ಣ ಏನು?

ಹೊಸಕಿಡಿ
ಕೆಂಪು-ಕಂದು ಇತ್ತು. ಸಣ್ಣ ಕಣಗಳು ಸೋರಿ ಬಂದಿವೆ ಅಂದುಕೊಂಡು ಚೆಲ್ಲಿದ್ದೆ.

ಮೂರನೇ_ಮಹಡಿ_ಲ್ಯಾಬ್
ಅದೇ ನಿಮ್ಮ ಕೋಬಾಲ್ಟ್. ಅಮೋನಿಯ ಜಾಸ್ತಿ ಇದ್ದರೆ ಕೋಬಾಲ್ಟ್ ಅದರ ಜೊತೆ ಅಮೀನ್ ಸಂಕೀರ್ಣ ಕಟ್ಟಿಕೊಂಡು ದ್ರಾವಣದಲ್ಲೇ ಉಳಿಯುತ್ತದೆ. ಗಾಳಿ ತಾಗಿದರೆ ಕೋಬಾಲ್ಟ್ 2+ ಹೋಗಿ 3+ ಆಗುತ್ತದೆ, ಬಣ್ಣ ಕೆಂಪು-ಕಂದಿಗೆ ತಿರುಗುತ್ತದೆ. ಪ್ಲಾಸ್ಮಾದಿಂದ ಬಂದ ಹೈಡ್ರೋಜನ್ ಪೆರಾಕ್ಸೈಡ್ ಇದ್ದರೆ ಇನ್ನೂ ಬೇಗ. ಎಷ್ಟು ಪಾಲು ಹಾಗೆ ಹೋಯಿತು ಅಂತ ನೋಡದೆ ಹೇಳಲು ಬರುವುದಿಲ್ಲ, ಆದರೆ ಬಣ್ಣ ಕಣ್ಣಿಗೆ ಕಾಣುವಷ್ಟಿದ್ದರೆ ಕಡಿಮೆ ಏನಲ್ಲ. ಕೋಬಾಲ್ಟ್, ನಿಕಲ್, ತಾಮ್ರ, ಸತು ಈ ನಾಲ್ಕಕ್ಕೂ ಅಮೋನಿಯ ಬಳಸಬೇಡಿ. ಕಾಸ್ಟಿಕ್ ಸೋಡಾ ಬಳಸಿ.

ಹಾಕುವ ರೀತಿಯೂ ಮುಖ್ಯ. ಫೆರಿಕ್ ಪಿಎಚ್ 2-3ರಲ್ಲೇ ಕೆಳಗೆ ಕೂರಲು ಶುರು ಮಾಡುತ್ತದೆ. ಕೋಬಾಲ್ಟ್‌ಗೆ ಏಳೂವರೆ-ಎಂಟು ಬೇಕು. ನೀವು ಹನಿ ಹನಿಯಾಗಿ ಕ್ಷಾರ ಹಾಕಿದರೆ ಕಬ್ಬಿಣ ಎಲ್ಲ ಮೊದಲು ಕೂತು, ಕೋಬಾಲ್ಟ್ ಆಮೇಲೆ ಅದರ ಮೇಲೆ ಬಂದು ಕೂರುತ್ತದೆ. ತಿರುವು ಮುರುವು ಮಾಡಿ: ಕ್ಷಾರದ ಬೀಕರಿಗೆ ಲೋಹದ ದ್ರಾವಣವನ್ನು ಒಂದೇ ಸಲ ಸುರಿದು ಜೋರಾಗಿ ಕಲಕಿ.

ಬೆಂಕಿಪೊಟ್ಟಣ
ಹೀಗೆ ಮಾಡಿದರೆ ಅದು ಕೋ-ಪ್ರೆಸಿಪಿಟೇಷನ್ (ಎರಡು ಲೋಹವನ್ನೂ ಕ್ಷಾರದಿಂದ ಒಟ್ಟಿಗೆ ಕೆಳಗೆ ಕೂರಿಸುವುದು) ಅಲ್ವಾ? ಪ್ಲಾಸ್ಮಾದ ಪಾತ್ರ ಏನು ಉಳಿಯಿತು? ಸ್ವಿಚ್ ಹಾಕದೆ ಅಷ್ಟನ್ನೂ ಮಾಡಿ ನೋಡಿದ್ದೀರಾ?

ಮೂರನೇ_ಮಹಡಿ_ಲ್ಯಾಬ್
ಈ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಪ್ಲಾಸ್ಮಾ ಇಲ್ಲದ ಕಂಟ್ರೋಲ್ (ಹೋಲಿಕೆಯ ಪ್ರಯೋಗ) ಇಲ್ಲದೇ ಹೋದರೆ ಈ ಕ್ಷೇತ್ರದ ಎಷ್ಟೋ ಫಲಿತಾಂಶಗಳಿಗೆ ಅರ್ಥವೇ ಇಲ್ಲ. ಮತ್ತೆ, ಕಂಟ್ರೋಲ್ ಅಂದರೆ ಸುಮ್ನೆ ಸ್ವಿಚ್ ಆಫ್ ಮಾಡುವುದು ಸಾಲದು. 5 ವ್ಯಾಟ್ ಒಂದು ಗಂಟೆ 50 ಮಿಲಿ ನೀರಿಗೆ ಹೋದರೆ 18 ಕಿಲೋಜೂಲ್. ಶಾಖ ಹೊರಗೆ ಹೋಗದೇ ಇದ್ದರೆ 86 ಡಿಗ್ರಿ ಏರಬೇಕು. ಒಂದಷ್ಟು ಹೋಗುತ್ತದೆ, ಆದರೂ ಬೀಕರ್ ಚೆನ್ನಾಗಿಯೇ ಬಿಸಿ ಆಗಿರುತ್ತದೆ. ಕೋಬಾಲ್ಟ್ ಫೆರೈಟ್‌ನ ಮಾಮೂಲಿ ಕೋ-ಪ್ರೆಸಿಪಿಟೇಷನ್ನಿನಲ್ಲಿ ಹರಳು ಕಟ್ಟುವುದಕ್ಕೆ 80ರಿಂದ 100 ಡಿಗ್ರಿಯಲ್ಲಿ ಇಡುತ್ತಾರೆ. ಹಾಗಾಗಿ ಥರ್ಮಾಮೀಟರ್ ಇಟ್ಟು ಪ್ಲಾಸ್ಮಾ ಬೀಕರ್ ಎಷ್ಟಕ್ಕೆ ಏರುತ್ತದೆ ನೋಡಿ, ಕಂಟ್ರೋಲನ್ನು ಹಾಟ್‌ಪ್ಲೇಟ್ ಮೇಲೆ ಅಷ್ಟೇ ಬಿಸಿಯಲ್ಲಿ, ಅಷ್ಟೇ ಹೊತ್ತು ಇಡಿ. ಮೂರನೇ ಬೀಕರಿಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ಆಗ ಬಿಸಿಯಿಂದ ಆದದ್ದು ಯಾವುದು, ಪೆರಾಕ್ಸೈಡಿನಿಂದ ಆದದ್ದು ಯಾವುದು, ಪ್ಲಾಸ್ಮಾದಿಂದಲೇ ಆದದ್ದು ಯಾವುದು ಅಂತ ಬಿಡಿಸಬಹುದು.

ತುಂಗೆಯ_ದಂಡೆ
ಇದು ಹೊಸ ವಿದ್ಯೆ ಅಂತ ಯಾರೂ ಅಂದುಕೊಳ್ಳಬೇಡಿ. 1887ರಲ್ಲೇ ಗುಬ್ಕಿನ್ ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ಡಿಸ್ಚಾರ್ಜ್ ಹಚ್ಚಿ ಬೆಳ್ಳಿ ಇಳಿಸಿದ್ದ. 1898ರಲ್ಲಿ ಬ್ರೆಡಿಗ್ ನೀರಿನ ಒಳಗೇ ಲೋಹದ ಕಡ್ಡಿಗಳ ನಡುವೆ ಆರ್ಕ್ ಹೊಡೆದು ಲೋಹದ ಕೊಲಾಯ್ಡ್ ಮಾಡಿದ. ನಮ್ಮ ದೇಶದಲ್ಲೂ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಾಂಟ್ಯಾಕ್ಟ್ ಗ್ಲೋ ಡಿಸ್ಚಾರ್ಜ್ (ದ್ರಾವಣಕ್ಕೆ ತಾಗಿ ಹೊಳೆಯುವ ಪ್ಲಾಸ್ಮಾ) ಬಗ್ಗೆ ಬಹಳ ವರ್ಷದ ಕೆಲಸ ಇದೆ.

ಹೊಸಕಿಡಿ, ಒಂದು ಉಪಾಯ ಹೇಳುತ್ತೇನೆ. ಬೆಳಕಿನ ಬಣ್ಣ ನೋಡಿ. ಕಾಸ್ಟಿಕ್ ಸೋಡಾ ಇರುವ ದ್ರಾವಣದ ಮೇಲೆ ಪ್ಲಾಸ್ಮಾ ಹಚ್ಚಿದಾಗ ಢಾಳಾದ ಹಳದಿ ಕಂಡರೆ ನಿಮ್ಮ ಪ್ಲಸ್-ಮೈನಸ್ ಉಲ್ಟಾ ಆಗಿದೆ ಅಂತ ಅನುಮಾನ ಪಡಿ. ದ್ರಾವಣವೇ ಕ್ಯಾಥೋಡ್ ಆದಾಗ ಅಯಾನುಗಳು ಮೇಲ್ಮೈಗೆ ಗುದ್ದಿ ಸೋಡಿಯಂ ಮೇಲಕ್ಕೆ ಬರುತ್ತದೆ, 589 ನ್ಯಾನೊಮೀಟರಿನ ಬೆಳಕು ಜೋರಾಗಿ ಹೊಳೆಯುತ್ತದೆ. ಇದೇ ಗುಣ ಬಳಸಿ ನೀರಿನಲ್ಲಿರುವ ಲೋಹಗಳನ್ನು ಅಳೆಯುತ್ತಾರೆ. ಹೈದರಾಬಾದಿನಲ್ಲಿರುವ ಬಿಎಆರ್‌ಸಿಯ (ಭಾಭಾ ಅಣು ಸಂಶೋಧನಾ ಕೇಂದ್ರ) ಕೇಂದ್ರದಲ್ಲಿ ಅದರ ಮೇಲೆ ಕೆಲಸ ಆಗಿದೆ. ನಿಮ್ಮದರಲ್ಲಿ ಸಣ್ಣ ಸ್ಪೆಕ್ಟ್ರೋಮೀಟರ್ ಇಟ್ಟರೆ 309ರ ಹತ್ತಿರ ಒಎಚ್ (ಹೈಡ್ರಾಕ್ಸಿಲ್), 656ರಲ್ಲಿ ಹೈಡ್ರೋಜನ್ ಕಾಣಬೇಕು. ಆರ್ಗಾನ್ ಹರಿವು ಕಡಿಮೆ ಆಗಿ ಗಾಳಿ ಒಳಗೆ ಬಂದರೆ ನೈಟ್ರೋಜನ್ನಿನ ಪಟ್ಟಿಗಳು 337ರಲ್ಲಿ ಏಳುತ್ತವೆ. ಹಾಗಾದ ದಿನ ನೈಟ್ರಿಕ್ ಆಮ್ಲವನ್ನೂ ನೀವೇ ತಯಾರಿಸುತ್ತಿದ್ದೀರಿ ಅಂತ ಲೆಕ್ಕ.

ಕೊಳವೆಬಾವಿ
ನಾನು ಕೆಮಿಸ್ಟ್ರಿ ಮನುಷ್ಯ ಅಲ್ಲ, ಎಲೆಕ್ಟ್ರಿಕಲ್. ಇಷ್ಟು ಜನ ಮಾತಾಡಿದ್ದೀರಿ, ಪವರ್ ಸಪ್ಲೈ ಬಗ್ಗೆ ಒಬ್ಬರೂ ಕೇಳಲಿಲ್ಲ! 10 ಮಿಲಿಆಂಪ್‌ಗೆ 100 ಕಿಲೋಓಮ್ ಬ್ಯಾಲಸ್ಟ್ ಹಾಕಿದರೆ ಅದರ ಮೇಲೆ 1000 ವೋಲ್ಟ್ ಬೀಳುತ್ತದೆ, 10 ವ್ಯಾಟ್ ಶಾಖ. 25 ವ್ಯಾಟಿನದ್ದು ಹಾಕಿ. ಆ ವೋಲ್ಟೇಜನ್ನು ತಡೆಯುವಂಥದ್ದೇ ಇರಲಿ, ಒಂದು ಸಾಲದಿದ್ದರೆ ಸಣ್ಣವನ್ನು ಸರಣಿಯಲ್ಲಿ ಹಾಕಿ. ಸಪ್ಲೈ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್ ತುಂಬಿರುತ್ತದೆ. ಬ್ಲೀಡರ್ (ಆ ಚಾರ್ಜನ್ನು ಇಳಿಸುವ ರೆಸಿಸ್ಟರ್) ಇಲ್ಲದ ಸಪ್ಲೈ ಮುಟ್ಟಲೇಬೇಡಿ. ಗ್ರೌಂಡ್ ಕಡ್ಡಿ ತಾಗಿಸಿದ ನಂತರವೇ ಬೀಕರಿಗೆ ಕೈ.

ನಮ್ಮಲ್ಲಿ ಇನ್ನೊಂದು ತೊಂದರೆ. ಕರೆಂಟ್ ಹೋಗುತ್ತದೆ. ಹೋದಾಗ ನೀವು ಕೊಳವೆ ಸರಿ ಮಾಡಲು ಕೈ ಹಾಕುತ್ತೀರಿ. ಅಷ್ಟರಲ್ಲಿ ಕರೆಂಟ್ ಬರುತ್ತದೆ. ಪಂಪ್‌ಸೆಟ್ಟಿಗೆ ಹಾಕುವ ಸ್ಟಾರ್ಟರಿನಲ್ಲಿ ನೋ-ವೋಲ್ಟ್ ಕಾಯಿಲ್ ಇರುತ್ತದಲ್ಲ, ಕರೆಂಟ್ ಹೋದರೆ ಬಿಟ್ಟುಕೊಳ್ಳುತ್ತದೆ, ಹಸಿರು ಬಟನ್ ಒತ್ತುವ ತನಕ ಮತ್ತೆ ಹಿಡಿಯುವುದಿಲ್ಲ. ಅಂಥದ್ದೊಂದನ್ನು ಸಪ್ಲೈ ಮುಂದೆ ಹಾಕಿಸಿ. ದೊಡ್ಡ ಖರ್ಚೇನಲ್ಲ. ಹೈಡ್ರೋಜನ್ ಬರುತ್ತದೆ, ಓಝೋನ್ ವಾಸನೆಯೂ ಬರಬಹುದು. ಫ್ಯೂಮ್ ಹುಡ್ ಕೆಳಗೇ ಮಾಡಿ.

ಹೊಸಕಿಡಿ
ಕೊಳವೆಬಾವಿ ಅಣ್ಣ, ಸ್ಟಾರ್ಟರ್ ವಿಷಯ ನಮ್ಮ ಲ್ಯಾಬ್ ಅಸಿಸ್ಟೆಂಟಿಗೆ ಹೇಳಿದೆ, ಅವರಿಗೆ ಭಾರೀ ಖುಷಿ ಆಯಿತು.

ಅಕ್ಕ, ನಮ್ಮ ಕಾಲೇಜಿನಲ್ಲಿ ಇರುವುದು ಎಕ್ಸ್‌ಆರ್‌ಡಿ, ಮಫಲ್ ಫರ್ನೇಸ್, ಹಳೆಯ ಎಎಎಸ್ (ಬೆಳಕಿನ ಹೀರಿಕೆಯಿಂದ ಲೋಹ ಅಳೆಯುವ ಯಂತ್ರ). ಇಷ್ಟರಲ್ಲಿ ಏನು ಸಾಧ್ಯ?

ಎಕ್ಸ್‌ರೇ_ಅಕ್ಕ
ಎಎಎಸ್ ಇದ್ದರೆ ಅರ್ಧ ಕೆಲಸ ಆಯಿತು. ಪುಡಿಯಲ್ಲಿ ಎಷ್ಟು ಕೋಬಾಲ್ಟ್ ಇದೆ ಅನ್ನುವುದನ್ನು ಅದು ಸರಿಯಾಗಿ ಹೇಳುತ್ತದೆ. ಅಲ್ಲಿ ಇಡಿಎಸ್‌ನ ಗೆರೆ ಬೆರಕೆ ಸಮಸ್ಯೆ ಇಲ್ಲ. ಆದರೆ ಎಷ್ಟು ಇದೆ ಅನ್ನುವುದು ಬೇರೆ, ಎಲ್ಲಿದೆ ಅನ್ನುವುದು ಬೇರೆ.

ಎಲ್ಲಿದೆ ಅನ್ನುವುದಕ್ಕೆ ಎರಡು ಅಗ್ಗದ ಪರೀಕ್ಷೆ. ಪುಡಿಯನ್ನು ತೆಳು ಅಸೆಟಿಕ್ ಆಮ್ಲದಲ್ಲಿ ತೊಳೆದು ಮತ್ತೆ ಎಎಎಸ್ ಮಾಡಿ. ಹೊರಗೆ ಸುಮ್ಮನೆ ಕೂತ ಕೋಬಾಲ್ಟ್ ಹೈಡ್ರಾಕ್ಸೈಡ್ ಕರಗಿ ಹೋಗುತ್ತದೆ, ಸ್ಪಿನೆಲ್ ಒಳಗೆ ಇರುವುದು ಸುಲಭಕ್ಕೆ ಬಿಡುವುದಿಲ್ಲ. ಎರಡನೇದು, ಗಾಳಿಯಲ್ಲಿ 600 ಡಿಗ್ರಿಗೆ ಕಾಯಿಸಿ. ಕೋಬಾಲ್ಟ್ ಇಲ್ಲದ ಐರನ್ ಆಕ್ಸೈಡ್ ಹೆಮಟೈಟ್ ಆಗಿ ಕೆಂಪಾಗುತ್ತದೆ, 33.2 ಡಿಗ್ರಿಗೆ ಹೊಸ ಪೀಕ್ ಏಳುತ್ತದೆ. ಹೊರಗಿದ್ದ ಕೋಬಾಲ್ಟ್ ತನ್ನದೇ ಆಕ್ಸೈಡ್ ಆದರೆ 31.3, 36.8ರಲ್ಲಿ ಕಾಣುತ್ತದೆ. ಕೋಬಾಲ್ಟ್ ಫೆರೈಟ್ ಹಾಗೇ ಕಪ್ಪಾಗಿ ಉಳಿಯುತ್ತದೆ. ಈ ಪರೀಕ್ಷೆ ಒಂದೇ ದಿಕ್ಕಿನದು ಅನ್ನುವುದು ನೆನಪಿರಲಿ. ಹೆಮಟೈಟ್ ಬಂದರೆ ಎಲ್ಲ ಕಬ್ಬಿಣಕ್ಕೂ ಕೋಬಾಲ್ಟ್ ಸಿಕ್ಕಿರಲಿಲ್ಲ ಅಂತ ಖಚಿತ. ಬರದಿದ್ದರೆ? ಇಷ್ಟು ಸಣ್ಣ ಕಣಗಳು ಫರ್ನೇಸಿನಲ್ಲೇ ಬೆರೆತಿರಬಹುದು. ಏನೂ ಸಾಬೀತಾಗುವುದಿಲ್ಲ.

ಹೊರಗೆ ಕಳಿಸಲು ದುಡ್ಡಿದ್ದರೆ ಎರಡು ಕೇಳಿ. ಒಂದು, ಕಡಿಮೆ ತಾಪಮಾನದ ಮ್ಯಾಗ್ನೆಟಿಕ್ ಲೂಪ್, 5ರಿಂದ 10 ಕೆಲ್ವಿನ್ನಿನಲ್ಲಿ. ಇಷ್ಟು ಸಣ್ಣ ಮ್ಯಾಗ್ನೆಟೈಟ್ ಕಣದ ಕೊಯರ್ಸಿವಿಟಿ (ಕಾಂತತ್ವ ಅಳಿಸಲು ಬೇಕಾದ ಎದುರು ಕಾಂತಕ್ಷೇತ್ರ) ಅಲ್ಲಿ ಕೆಲವು ನೂರು ಅರ್ಸ್ಟೆಡ್. ಕೋಬಾಲ್ಟ್ ಫೆರೈಟ್ ಹತ್ತು ಸಾವಿರದ ಆಸುಪಾಸಿಗೆ ಹಾರುತ್ತದೆ. ಕೆಲವೇ ಮಿಲಿಗ್ರಾಂ ಸಾಕು. ಆದರೆ ಮೇಲ್ಮೈಗೆ ಅಂಟಿದ ಕೋಬಾಲ್ಟ್ ಕೂಡ ಕೊಯರ್ಸಿವಿಟಿ ಏರಿಸುತ್ತದೆ. ಹಳೆಯ ಕ್ಯಾಸೆಟ್, ವಿಡಿಯೊ ಟೇಪುಗಳಲ್ಲಿ ಐರನ್ ಆಕ್ಸೈಡ್ ಮೇಲೆ ಕೋಬಾಲ್ಟ್ ಲೇಪಿಸುತ್ತಿದ್ದದ್ದೇ ಅದಕ್ಕೆ. ಹಾಗಾಗಿ ಆಮ್ಲದಲ್ಲಿ ತೊಳೆದ ಪುಡಿಯನ್ನೇ ಕಳಿಸಿ. ಇನ್ನೊಂದು, ಟಿಇಎಂನಲ್ಲಿ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಇಇಎಲ್‌ಎಸ್ ಮ್ಯಾಪ್, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಶಕ್ತಿಯಿಂದ ಯಾವ ಧಾತು ಎಲ್ಲಿದೆ ಅಂತ ತೋರಿಸುವ ನಕ್ಷೆ. ಅಲ್ಲಿ ಕಬ್ಬಿಣದ ಅಂಚು 708 ಇವಿ, ಕೋಬಾಲ್ಟ್‌ದು 779. ಒಂದರ ಮೇಲೊಂದು ಬೀಳುವುದಿಲ್ಲ. ಒಂದೇ ಕಣದಲ್ಲಿ ಎರಡೂ ಕಂಡರೆ ನಿಮ್ಮ ಗೈಡ್ ಬಾಯಿ ಮುಚ್ಚಿಸಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸೈಫ್ (ಉಪಕರಣ ಕೇಂದ್ರ), ಐಐಎಸ್ಸಿಯ ಸೆನ್ಸ್ (ನ್ಯಾನೊ ವಿಜ್ಞಾನ ಕೇಂದ್ರ), ಇಲ್ಲವೇ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಯಾವ ಉಪಕರಣ ಎಲ್ಲಿದೆ ಅಂತ ಹುಡುಕಿ.

ಮೂರನೇ_ಮಹಡಿ_ಲ್ಯಾಬ್
ಅಕ್ಕ ಹೇಳಿದ್ದನ್ನು ಓದಿ ಒಂದು ಯೋಚನೆ ಬಂತು. ಕೋಬಾಲ್ಟ್‌ಗೆ ಇಷ್ಟು ತಲೆನೋವು ಇರುವಾಗ ನಿಕಲ್ ಫೆರೈಟ್ ಯಾಕೆ ಆಗಬಾರದು? ನಿಕಲ್‌ನ ಕೆ-ಆಲ್ಫಾ 7.47 ಕೆಇವಿ. ಕಬ್ಬಿಣದ ಬೀಟಾದಿಂದ ದೂರ ಇದೆ. ಇಡಿಎಸ್ ಮ್ಯಾಪನ್ನೂ ನಂಬಬಹುದು.

ಲವಣವೂ ಬೇಡ, ಕ್ಷಾರವೂ ಬೇಡ ಅನ್ನುವ ದಾರಿಯೂ ಒಂದಿದೆ. ಮಿಶ್ರಲೋಹದ ಎರಡು ಕಡ್ಡಿಗಳನ್ನು ನೀರಿನೊಳಗೆ 1 ಮಿ.ಮೀ.ಗಿಂತ ಕಡಿಮೆ ಅಂತರದಲ್ಲಿ ಇಟ್ಟು ಪಲ್ಸ್ ಹೊಡೆಯುವುದು. ನಗೋಯಾ ವಿಶ್ವವಿದ್ಯಾಲಯದಲ್ಲಿ ಒಸಾಮು ತಕಾಯ್, ನಗಾಹಿರೊ ಸೈಟೊ ಅವರ ತಂಡ ಸೊಲ್ಯೂಷನ್ ಪ್ಲಾಸ್ಮಾ ಅಂತ ಹೆಸರಾಗಿಸಿದ್ದು ಇದೇ ಬಗೆಯದನ್ನು. ಕಡ್ಡಿಯ ತುದಿ ಆವಿಯಾಗಿ, ಆವಿಯಲ್ಲೇ ಎರಡು ಲೋಹ ಬೆರೆತು, ಪಕ್ಕದ ನೀರಿಗೆ ತಾಗಿ ಕ್ಷಣದಲ್ಲಿ ತಣಿಯುತ್ತದೆ. ಬೇರೆಯಾಗಲು ಪುರುಸೊತ್ತೇ ಇರುವುದಿಲ್ಲ. ಷರತ್ತು ಒಂದು: ಎರಡು ಲೋಹದ ಕುದಿಬಿಂದು ಹತ್ತಿರ ಇರಬೇಕು. ಹಿತ್ತಾಳೆ ಹಾಕಿದರೆ ಸತು 907 ಡಿಗ್ರಿಗೇ ಎದ್ದು ಹೋಗುತ್ತದೆ, ತಾಮ್ರಕ್ಕೆ 2560 ಬೇಕು. ಕಬ್ಬಿಣ, ನಿಕಲ್ ಹಾಗಲ್ಲ, ಎರಡೂ 2800 ಆಸುಪಾಸಿನವು.

ಇನ್ವಾರ್ ಕಡ್ಡಿ ತಗೊಳ್ಳಿ. ತೂಕದಲ್ಲಿ 64 ಕಬ್ಬಿಣ, 36 ನಿಕಲ್. ಪರಮಾಣು ಲೆಕ್ಕದಲ್ಲಿ ಒಂದು ನಿಕಲ್‌ಗೆ 1.87 ಕಬ್ಬಿಣ. ನಿಕಲ್ ಫೆರೈಟ್‌ಗೆ ಬೇಕಾದ 2ಕ್ಕೆ ಎಷ್ಟು ಹತ್ತಿರ ನೋಡಿ! ಗಿಯೋಂ ಅನ್ನುವ ವಿಜ್ಞಾನಿ ಅದನ್ನು ಕಂಡುಹಿಡಿದದ್ದು ಬಿಸಿಗೆ ಹಿಗ್ಗದ ಅಳತೆಗೋಲಿಗಾಗಿ, ನಮಗೆ ಬೇರೆ ಉಪಯೋಗಕ್ಕೆ ಬಂತು. ಕಣದ ಒಳಗೆ ಆಕ್ಸೈಡ್ ಆಗದ ಲೋಹ ಉಳಿಯಬಹುದು, 44 ಡಿಗ್ರಿ ಹತ್ತಿರ ಪೀಕ್ ಇದೆಯಾ ನೋಡಿ. ಕಡ್ಡಿ ಸವೆದ ಹಾಗೆ ಅಂತರ ಜಾಸ್ತಿ ಆಗುತ್ತದೆ, ಆಗಾಗ ಹೊಂದಿಸಬೇಕು. ಟಂಗ್‌ಸ್ಟನ್ ಕಡ್ಡಿ ಮಾತ್ರ ಬೇಡ, ಅದೂ ಸವೆದು ಪುಡಿಗೆ ಸೇರುತ್ತದೆ. ಅಂದ ಹಾಗೆ, ಈಗಿನ ನಿಮ್ಮ ಸ್ಟೀಲ್ ಕೊಳವೆಯಿಂದಲೂ ಕಬ್ಬಿಣ, ಕ್ರೋಮಿಯಂ ಸ್ವಲ್ಪ ಸ್ವಲ್ಪ ಇಳಿಯುತ್ತಿರುತ್ತದೆ. ಎಎಎಸ್‌ನಲ್ಲಿ ಕ್ರೋಮಿಯಂ ಕೂಡ ನೋಡಿ.

ಬೆಂಕಿಪೊಟ್ಟಣ
ಇದಕ್ಕಾದರೆ ನಾನು ಒಪ್ಪುತ್ತೇನೆ. ಇದನ್ನು ಮಫಲ್ ಫರ್ನೇಸಿನಲ್ಲಿ ಮಾಡಲು ಆಗುವುದಿಲ್ಲ.

ಹೊಸಕಿಡಿ
ಇನ್ವಾರ್‌ಗೆ ಪಲ್ಸ್ ಸಪ್ಲೈ ಬೇಕು, ಅದು ಮುಂದಿನ ವರ್ಷದ ಬಜೆಟ್. ಅಲ್ಲಿಯವರೆಗೆ ಸಲ್ಫೇಟ್, ಕಾಸ್ಟಿಕ್ ಸೋಡಾ, ಎಚ್-ಸೆಲ್ ಹಿಡಿದಿದ್ದೇನೆ. ಹಾಟ್‌ಪ್ಲೇಟ್ ಕಂಟ್ರೋಲ್ ಕಂದು ಪುಡಿ ಕೊಟ್ಟಿತು, ಮ್ಯಾಗ್ನೆಟ್‌ಗೆ ಬಂದಿಲ್ಲ. ಪೆರಾಕ್ಸೈಡ್ ಬೀಕರೂ ಹಾಗೇ. ಪ್ಲಾಸ್ಮಾದ್ದು ಮಾತ್ರ ಬಂತು.

ಎಕ್ಸ್‌ರೇ_ಅಕ್ಕ
ಒಳ್ಳೆಯದು. ಪ್ಲಾಸ್ಮಾ ಏನೋ ಮಾಡುತ್ತಿದೆ ಅನ್ನುವುದು ಇದರಿಂದ ಗೊತ್ತಾಯಿತು. ಆದರೆ ಆ ಏನೋ ಅನ್ನುವುದು ಫೆರಿಕ್ಕನ್ನು ಫೆರಸ್ ಮಾಡಿ ಮ್ಯಾಗ್ನೆಟೈಟ್ ಕೊಡುವುದಷ್ಟೇ ಇರಬಹುದು. ಕೋಬಾಲ್ಟ್ ಲೆಕ್ಕ ಆಗದೆ ಗೈಡ್ ಹತ್ತಿರ ಹೋಗಬೇಡಿ.

ಹೊಸಕಿಡಿ
ಎಎಎಸ್‌ಗೆ ಎಷ್ಟು ಪುಡಿ ಕರಗಿಸಲಿ? ಒಂದು ಸಲಕ್ಕೆ ನನಗೆ ಸಿಗುವುದೇ ಕಡಿಮೆ.

ಎಕ್ಸ್‌ರೇ_ಅಕ್ಕ
10 ಮಿಲಿಗ್ರಾಂ ಸಾಕು. ಚೆನ್ನಾಗಿ ಒಣಗಿಸಿ ತೂಗಿ. ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಹುಡ್ ಕೆಳಗೆ, ಮೆಲ್ಲಗೆ ಬಿಸಿ ಮಾಡಿದರೆ ಕರಗುತ್ತದೆ. 100 ಮಿಲಿಗೆ ಏರಿಸಿ. ನಿಜವಾದ ಕೋಬಾಲ್ಟ್ ಫೆರೈಟ್ ಆಗಿದ್ದರೆ ಲೀಟರಿಗೆ ಕಬ್ಬಿಣ 47.6, ಕೋಬಾಲ್ಟ್ 25.1 ಮಿಲಿಗ್ರಾಂ ಬರಬೇಕು. ಎಎಎಸ್‌ಗೆ ಅದು ಜಾಸ್ತಿ, ಇನ್ನೂ ಹತ್ತು ಪಟ್ಟು ತೆಳು ಮಾಡಿ. ಕಬ್ಬಿಣಕ್ಕೆ 248.3, ಕೋಬಾಲ್ಟ್‌ಗೆ 240.7 ನ್ಯಾನೊಮೀಟರ್ ಗೆರೆ. ಪುಡಿಯಲ್ಲಿ ನೀರು ಉಳಿದಿದ್ದರೆ ಎರಡೂ ಅಂಕಿ ಕಡಿಮೆ ಬರುತ್ತವೆ, ಅದಕ್ಕೆ ಗಾಬರಿ ಬೇಡ. ಕಬ್ಬಿಣವನ್ನು ಕೋಬಾಲ್ಟ್‌ನಿಂದ ಭಾಗಿಸಿ ನೋಡಿ, 1.9 ಬರಬೇಕು. ಸೋಸಿದ ನೀರನ್ನು ಈ ಸಲ ಚೆಲ್ಲಬೇಡಿ, ಅದರಲ್ಲೂ ಕೋಬಾಲ್ಟ್ ಅಳೆಯಿರಿ. ಅಳೆದ ಮೇಲೂ ಸಿಂಕಿಗೆ ಬೇಡ, ಲೋಹದ ತ್ಯಾಜ್ಯದ ಕ್ಯಾನಿಗೆ ಹಾಕಿ.